ವೈಪರ್ ಕೆಳಗಿನ ದಂಬೆ

ಮಳೆ ನಿಂತ ಮೇಲೆ ಯಾವುದಾದರೂ ವಾಹನದ ಮುಂದೆ ಹೋಗಿ ವೈಪರ್ ಕಡ್ಡಿಗಳ ಬುಡ ನೋಡಿ. ಗಾಜು ಮುಗಿದು ಬಾನೆಟ್ ಶುರುವಾಗುವ ನಡುವೆ ಅಡ್ಡಕ್ಕೆ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದರಲ್ಲಿ ಜಾಲರಿಯಂಥ ತೂತುಗಳು. ಗಾಜಿನ ಮೇಲೆ ಸುರಿದ ನೀರೆಲ್ಲ ಆ ತೂತುಗಳೊಳಗೆ ಇಳಿದು ಕಾಣೆಯಾಗುತ್ತದೆ. ಆಮೇಲೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು, ಏಕೆಂದರೆ ಅದರ ಕೆಳಗೇ ಎಂಜಿನ್ ಕೂತಿದೆ.

ನಮ್ಮ ಮೆಕ್ಯಾನಿಕ್‌ಗಳು ಈ ಪಟ್ಟಿಗೆ ಕೌಲ್ ಎನ್ನುತ್ತಾರೆ, ಬ್ರಿಟನ್ನಿನವರು ಸ್ಕಟಲ್ ಎನ್ನುತ್ತಾರೆ. ನನಗೆ ಅದು ದಂಬೆ. ಕರಾವಳಿಯ ಮನೆಗಳಲ್ಲಿ ಅಡಿಕೆ ಮರ ಸೀಳಿ, ತಿರುಳು ಕೆತ್ತಿ ತೆಗೆದು, ಸೂರಿನ ನೀರನ್ನು ಅಂಗಳದಾಚೆ ಸಾಗಿಸಲು ಕಟ್ಟುತ್ತಿದ್ದರಲ್ಲ, ಆ ದಂಬೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಪಟ್ಟಿಯ ಕೆಳಗೆ ಒಂದು ತಟ್ಟೆ. ತಟ್ಟೆಯಲ್ಲಿ ಕೂಡಿದ ನೀರು ಎರಡೂ ಪಕ್ಕಕ್ಕೆ ಹರಿದು, ಸಣ್ಣ ರಬ್ಬರ್ ಕೊಳವೆಗಳ ಮೂಲಕ ಮುಂದಿನ ಚಕ್ರಗಳ ಹತ್ತಿರ ನೆಲಕ್ಕೆ ಬೀಳಬೇಕು. ದಂಬೆಗೆ ಎಲೆ ಕಟ್ಟಿಕೊಂಡರೆ, ಕೀಲು ಸಡಿಲವಾದರೆ, ನೀರು ಜಗಲಿಗೆ ಬೀಳುತ್ತದೆ. ಇಲ್ಲಿ ಜಗಲಿಯ ಜಾಗದಲ್ಲಿ ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳಿವೆ.

ಈ ಸೋರಿಕೆಯ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಯುರೋಪಿನ ಮೋಟರ್‌ಹೋಮ್‌ಗಳು, ಅಂದರೆ ಹಾಸಿಗೆ, ಒಲೆ, ಶೌಚಾಲಯಗಳನ್ನು ಬೆನ್ನಮೇಲೆ ಹೊತ್ತು ತಿರುಗುವ ವ್ಯಾನುಗಳು. ಅವುಗಳಲ್ಲಿ ಬಹುಪಾಲಿನ ಅಡಿಪಾಯ ಫಿಯೆಟ್ ಡುಕಾಟೊ. ಇಟಲಿಯ ಅಬ್ರುಟ್ಸೊ ಪ್ರಾಂತ್ಯದ ಅಟೆಸ್ಸಾದಲ್ಲಿ, ಫಿಯೆಟ್ ಮತ್ತು ಪ್ಯೂಜೊ ಸೇರಿ ಕಟ್ಟಿದ ಸೆವೆಲ್ ಕಾರ್ಖಾನೆಯಲ್ಲಿ 1981ರಿಂದ ಈ ವ್ಯಾನು ತಯಾರಾಗುತ್ತಿದೆ. ಇದೇ ವ್ಯಾನು ಪ್ಯೂಜೊ ಬಾಕ್ಸರ್ ಎಂಬ ಹೆಸರಿನಲ್ಲೂ, ಸಿಟ್ರೊಯೆನ್ ಬಿಲ್ಲೆ ಹಚ್ಚಿಕೊಂಡೂ ಮಾರಾಟವಾಗುತ್ತದೆ. ಕ್ಯಾಬಿನ್ ಮತ್ತು ಚಾಸಿ ಅಟೆಸ್ಸಾದಿಂದ ಬರುತ್ತದೆ. ಹಿಂದಿನ ಮನೆಯನ್ನು ಜರ್ಮನಿ, ಫ್ರಾನ್ಸ್, ಬ್ರಿಟನ್ನಿನ ಬೇರೆ ಬೇರೆ ಕಂಪನಿಗಳು ಕಟ್ಟಿಕೊಳ್ಳುತ್ತವೆ.

ಮನೆ ಕಟ್ಟುವವರಿಗೆ ಈ ವ್ಯಾನು ಏಕೆ ಇಷ್ಟ? ಎಂಜಿನ್ ಅಡ್ಡಲಾಗಿ ಕೂತಿದೆ, ಎಳೆಯುವುದು ಮುಂದಿನ ಚಕ್ರಗಳು. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಇಲ್ಲದ್ದರಿಂದ ನೆಲ ತಗ್ಗಾಗಿರುತ್ತದೆ, ಒಳಗೆ ತಲೆ ಎತ್ತಿ ನಿಲ್ಲಬಹುದು. ಮೂತಿ ಗಿಡ್ಡವಾದಷ್ಟೂ ಹಿಂದಿನ ಕೋಣೆಗೆ ಜಾಗ ಹೆಚ್ಚು. ಆದರೆ ಮೂತಿ ಗಿಡ್ಡವಾದರೆ ಎಂಜಿನ್ ಗಾಜಿನ ಬುಡದ ಕೆಳಕ್ಕೆ ಸರಿಯಲೇಬೇಕು. ಉದ್ದ ಮೂತಿಯ ಕಾರಿನಲ್ಲಿ ದಂಬೆ ಸೋರಿದರೆ ನೀರು ಎಂಜಿನ್ನಿನ ಹಿಂದಿನ ಗೋಡೆಗುಂಟ ಇಳಿದುಹೋಗಬಹುದು. ಗಿಡ್ಡ ಮೂತಿಯ ವ್ಯಾನಿನಲ್ಲಿ ಅದು ನೇರ ಎಂಜಿನ್ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಯಾವ ಗುಣಕ್ಕಾಗಿ ಈ ವಾಹನವನ್ನು ಆರಿಸಿದರೋ ಅದರ ಹೊಟ್ಟೆಯಲ್ಲೇ ಈ ತೊಂದರೆಯೂ ಇತ್ತು. 2006ರಲ್ಲಿ ಬಂದ ಮೂರನೇ ಪೀಳಿಗೆಯ ಡುಕಾಟೊದಲ್ಲಿ ಗಾಜಿನ ಅಂಚೂ ಪ್ಲಾಸ್ಟಿಕ್ ತಟ್ಟೆಯೂ ಕೂಡುವ ಕಡೆ ನೀರು ನುಸುಳಿ ಎಂಜಿನ್ ಮೇಲೆ ಬೀಳುತ್ತದೆ ಎಂಬ ದೂರು ಮೋಟರ್‌ಹೋಮ್ ಮಾಲೀಕರಿಂದ ಜೋರಾಗಿಯೇ ಎದ್ದಿತು. ಆಮೇಲೆ ಸುಧಾರಿಸಿದ ಸೀಲುಗಳೂ ಎಂಜಿನ್ ಮೇಲೆ ಹಾಕುವ ರಕ್ಷಣಾ ಹೊದಿಕೆಯೂ ಬಂದವು.

ಎಷ್ಟು ನೀರು ಬೀಳುತ್ತದೆ ಎಂಬ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. ವ್ಯಾನಿನ ಮುಂಗಾಜು ಒಂದೂವರೆ ಚದರ ಮೀಟರ್ ಎಂದಿಟ್ಟುಕೊಂಡರೂ, 10 ಮಿ.ಮೀ. ಮಳೆಗೆ ಆ ದಂಬೆಯಲ್ಲಿ ಹದಿನೈದು ಲೀಟರಿನ ಆಸುಪಾಸು ಹರಿಯಬೇಕು. ಮೋಟರ್‌ಹೋಮಿನ ಚಾವಣಿ ಆರು ಮೀಟರ್ ಉದ್ದ, ಎರಡು ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅದೇ ಮಳೆಗೆ ಅಲ್ಲಿ ಬೀಳುವುದು 120 ಲೀಟರ್. ವಾಹನದ ಮೂತಿ ತಗ್ಗಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿದಿರಾದರೆ ಚಾವಣಿಯ ನೀರಿನಲ್ಲಿ ದೊಡ್ಡ ಪಾಲು ಗಾಜಿನ ಮೇಲಿಳಿದು ಅದೇ ಸಣ್ಣ ದಂಬೆಗೆ ಸೇರುತ್ತದೆ. ಆದ್ದರಿಂದ ಮೂತಿಯನ್ನು ಒಂಚೂರು ಮೇಲಕ್ಕೆ ಮಾಡಿ ನಿಲ್ಲಿಸುವುದು ಖರ್ಚಿಲ್ಲದ ಮೊದಲ ಚಿಕಿತ್ಸೆ.

ಹಾಗಾದರೆ ಆ ತೂತುಗಳನ್ನೇ ಮುಚ್ಚಿಬಿಡಬಾರದೇಕೆ? ಬಹಳ ಜನ ಕೇಳುವ ಪ್ರಶ್ನೆ. ವಾಹನ ಓಡುವಾಗ ಎದುರು ಗಾಳಿ ಬಾನೆಟ್ ಮೇಲೆ ಹಾದು ಗಾಜಿಗೆ ಗುದ್ದುತ್ತದೆ. ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚುತ್ತದೆ. ಒಳಗೆ ಕೂತವರಿಗೆ ಬೇಕಾದ ಹೊಸ ಗಾಳಿಯನ್ನು ಎಳೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದಕ್ಕೇ ಬ್ಲೋವರಿನ ಬಾಯಿಯನ್ನು ಅಲ್ಲೇ ಇಟ್ಟಿರುತ್ತಾರೆ. ವೈಪರಿನ ಮೋಟರ್ ಮತ್ತು ಸರಳುಗಳಿರುವುದೂ ಅಲ್ಲೇ. ಗಾಳಿಗೆ ತೆರೆದ ಬಾಗಿಲಲ್ಲಿ ನೀರೂ ಬರುತ್ತದೆ. ಬಂದ ನೀರನ್ನು ಗಾಳಿಯಿಂದ ಬೇರ್ಪಡಿಸಿ ಹೊರಗೆ ದಾಟಿಸುವುದೇ ಇಡೀ ರಚನೆಯ ಉಪಾಯ. ನೀರು ಒಳಗೇ ಬಾರದ ಹಾಗೆ ವಾಹನವನ್ನು ಯಾರೂ ಕಟ್ಟಿಲ್ಲ. ಬಂದ ನೀರಿಗೆ ದಾರಿ ಬಿಟ್ಟು ಕಟ್ಟಿದ್ದಾರೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಸೀಲೆಂಟ್ ಕೊಳವೆ ಹಿಡಿದು ಹೊರಟವರು ನೀರು ಹೋಗುವ ತೂತನ್ನೇ ಮುಚ್ಚಿ ಬಂದಿರುವುದುಂಟು.

ಇನ್ನು ನೀರು ದಾರಿ ತಪ್ಪುವುದು ಹೇಗೆ ಎಂಬುದು. ಮೊದಲ ಕಾರಣ ಬಿಸಿಲು. ಈ ಪಟ್ಟಿಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ ಉಕ್ಕಿಗಿಂತ ಐದಾರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೂ ಚಳಿಗಾಲದ ಇರುಳಿಗೂ 50 ಡಿಗ್ರಿ ವ್ಯತ್ಯಾಸವಿದ್ದರೆ ಒಂದೂವರೆ ಮೀಟರ್ ಉದ್ದದ ಪಟ್ಟಿ ಐದಾರು ಮಿಲಿಮೀಟರ್ ಉದ್ದವಾಗಿ ಮತ್ತೆ ಗಿಡ್ಡವಾಗುತ್ತದೆ. ಅದರಡಿಯ ಉಕ್ಕಿನ ತಗಡು ಒಂದು ಮಿಲಿಮೀಟರ್ ಕೂಡ ಕದಲುವುದಿಲ್ಲ. ಎರಡರ ನಡುವೆ ಸೀಲಾಗಿ ಕೂತು ವರ್ಷಗಟ್ಟಲೆ ಹೀಗೆ ಎಳೆದಾಡಿಸಿಕೊಂಡ ಫೋಮ್ ಪಟ್ಟಿ ಹರಿಯದೆ ಏನಾಗುತ್ತದೆ?

ಎರಡನೆಯದು ನೀರಿನ ಸ್ವಭಾವ. ನೀರು ಕೆಳಗೆ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಸಣ್ಣ ಸಂದಿಗಳಲ್ಲಿ ಅದು ಮೇಲಕ್ಕೂ ಹತ್ತುತ್ತದೆ. ಶುಭ್ರವಾದ ಎರಡು ಗಾಜಿನ ಹಲಗೆಗಳ ನಡುವೆ ಅರ್ಧ ಮಿಲಿಮೀಟರ್ ಅಂತರವಿದ್ದರೆ ನೀರು ತಾನಾಗಿ ಸುಮಾರು ಮೂರು ಸೆಂಟಿಮೀಟರ್ ಎತ್ತರಕ್ಕೆ ಏರಿ ನಿಲ್ಲುತ್ತದೆ. ಸಂದಿ ಕಿರಿದಾದಷ್ಟೂ ಏರಿಕೆ ಹೆಚ್ಚು. ಗಾಜಿನ ಅಂಚಿನ ಹತ್ತಿರ, ಧೂಳು ಕೂತ ಲೋಹದ ಮಡಿಕೆಗಳಲ್ಲಿ ಇದೇ ಆಟ ನಡೆಯುತ್ತದೆ. ಅಲ್ಲದೆ ಮೆಲ್ಲಗೆ ಹರಿಯುವ ನೀರು ಅಂಚಿನಿಂದ ಕೆಳಗೆ ಬೀಳದೆ ಅಡಿಭಾಗಕ್ಕೆ ಅಂಟಿಕೊಂಡು ಒಳಮುಖವಾಗಿ ಸಾಗುತ್ತದೆ. ಗಾರೆಯವರು ಕಿಟಕಿಯ ಸಜ್ಜಾದ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಬಿಡುವುದು ಇದನ್ನು ತಡೆಯಲಿಕ್ಕೇ. ನೀರು ಗೀರು ದಾಟಲಾರದೆ ಅಲ್ಲೇ ಹನಿಯಾಗಿ ಉದುರುತ್ತದೆ.

ಇಂಗ್ಲೆಂಡಿನ ಜಿಟಿಜಿಟಿ ಮಳೆ ನಮ್ಮ ಮಳೆಗಿಂತ ಎಂಜಿನ್ನಿಗೆ ಹೆಚ್ಚು ಅಪಾಯಕಾರಿ ಎನ್ನಲು ನೀರಿನ ಈ ಸ್ವಭಾವವೂ ಒಂದು ಕಾರಣ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಬೆಂಗಳೂರಿನಲ್ಲಿ 900ಕ್ಕೂ ಹೆಚ್ಚು. ಆದರೆ ನಮ್ಮ ಮಳೆ ಧೋ ಎಂದು ಸುರಿದು ಬಿಸಿಲು ಬರುತ್ತದೆ, ಅಲ್ಲಿಯದು ತಿಂಗಳುಗಟ್ಟಲೆ ಒದ್ದೆಯನ್ನು ಆರಲು ಬಿಡುವುದಿಲ್ಲ. ತುಕ್ಕಿಗೆ ಬೇಕಾದದ್ದು ನೀರಿನ ಪ್ರಮಾಣವಲ್ಲ, ಒದ್ದೆಯಿರುವ ಹೊತ್ತು.

ಆ ತುಕ್ಕು ಎಲ್ಲಿ ಹಿಡಿಯುತ್ತದೆ ಎಂಬುದೇ ಮುಖ್ಯ ಸಂಗತಿ. ಇಂದಿನ ಡೀಸೆಲ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ನೆತ್ತಿಗೂ ಒಂದೊಂದು ಇಂಜೆಕ್ಟರ್ ಇಳಿಬಿಟ್ಟಿರುತ್ತದೆ. 2006ರ ಕಾಲದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅವು 1600 ಬಾರ್‌ನಷ್ಟು, ಎಂದರೆ ವಾತಾವರಣದ ಒತ್ತಡದ ಸಾವಿರದ ಆರುನೂರು ಪಟ್ಟು ಒತ್ತಡದಲ್ಲಿ ಡೀಸೆಲನ್ನು ಚಿಮ್ಮಿಸುತ್ತವೆ. ಇಂಜೆಕ್ಟರ್ ಉಕ್ಕಿನದು, ಅದು ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಅದರ ಸುತ್ತ ಒಂದು ಬಾವಿಯಂಥ ತಗ್ಗು. ಮೇಲಿನಿಂದ ಬಿದ್ದ ಹನಿ ಆ ತಗ್ಗಿನಲ್ಲಿ ನಿಲ್ಲುತ್ತದೆ, ಹೋಗಲು ದಾರಿಯಿಲ್ಲ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ನೀರಿನಲ್ಲಿ ಮುಳುಗಿದರೆ ಅದೊಂದು ಸಣ್ಣ ಬ್ಯಾಟರಿಯಾಗುತ್ತದೆ. ಯುರೋಪಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಸೇರಿದರೆ ಇನ್ನೂ ಚುರುಕಾದ ಬ್ಯಾಟರಿ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ, ಉಕ್ಕು ಕೆಂಪು ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಬಿಗಿಯಾದ ತೂತಿನಲ್ಲಿ ಜಾಗವೆಲ್ಲಿದೆ? ಬೆಣೆ ಹೊಡೆದ ಹಾಗೆ ಇಂಜೆಕ್ಟರ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ಐದಾರು ವರ್ಷದ ಮೇಲೆ ಇಂಜೆಕ್ಟರ್ ಬದಲಿಸಬೇಕಾಗಿ ಬಂದಾಗ ಅದು ಕೈಗೆ ಬರುವುದಿಲ್ಲ, ಹೈಡ್ರಾಲಿಕ್ ಪುಲ್ಲರ್ ಹಾಕಿ ಎಳೆಯಬೇಕು. ಎಳೆಯುವಾಗ ಮುರಿದರೆ ಹೆಡ್ ಇಳಿಸುವುದೇ ಗತಿ. ಒಂದು ಫೋಮ್ ಪಟ್ಟಿಯ ಹರಕು ಇಲ್ಲಿಗೆ ತಂದು ನಿಲ್ಲಿಸುತ್ತದೆ.

ವಿದ್ಯುತ್ತಿನ ಭಾಗಗಳ ಕಥೆ ಬೇರೆ. ಕನೆಕ್ಟರಿನೊಳಗೆ ತೇವ ಹೊಕ್ಕರೆ 12 ವೋಲ್ಟಿನ ಪಾಸಿಟಿವ್ ಪಿನ್ನು ಕರಗುತ್ತ ಹಸಿರು ಕಿಲುಬು ಕಟ್ಟುತ್ತದೆ. ಇನ್ನೂ ಸೂಕ್ಷ್ಮವಾದದ್ದೆಂದರೆ, ವೈರಿನೊಳಗಿನ ತಾಮ್ರದ ಎಳೆಗಳ ನಡುವೆ ನೀರು ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ದೂರದ ಕಂಟ್ರೋಲ್ ಯೂನಿಟ್ಟಿನವರೆಗೂ ಹೋಗಬಲ್ಲದು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಗೋಡೆ ಹೊಗುವ ಮೊದಲು ಕೆಳಕ್ಕೆ ಬಾಗಿರುವುದನ್ನು ನೋಡಿದ್ದೀರಿ. ನೀರು ಆ ಬಾಗಿನಲ್ಲಿ ಹನಿಯಾಗಿ ಬೀಳಲಿ ಎಂದು. ಎಂಜಿನ್ ಕೋಣೆಯ ವೈರುಗಳಿಗೂ ಅಂಥ ಬಾಗು ಇರಬೇಕು.

ಸರಕು ಸಾಗಿಸುವ ವ್ಯಾನಿನಲ್ಲಿ ಇದೇ ಸೋರಿಕೆ ಇದ್ದರೂ ಅಷ್ಟು ಕೇಡಾಗುವುದಿಲ್ಲ. ಅದು ದಿನವೂ ಓಡುತ್ತದೆ, ಎಂಜಿನ್ ಕಾವಿಗೆ ನೀರು ಆವಿಯಾಗುತ್ತದೆ. ಮೋಟರ್‌ಹೋಮ್ ಅಕ್ಟೋಬರಿನಲ್ಲಿ ನಿಂತರೆ ಏಪ್ರಿಲ್‌ವರೆಗೂ ನಿಂತಲ್ಲೇ, ಹೆಚ್ಚಾಗಿ ಮರದ ಕೆಳಗೆ. ಎಲೆ ಉದುರುವ ಕಾಲವೂ ಅದೇ. ಕೆಲವರು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಅದರಿಂದ ಉಪಯೋಗವಿಲ್ಲ, ಕೇಡೇ ಹೆಚ್ಚು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯದಿದ್ದರೆ ಅದರಲ್ಲಿ ಸ್ವಲ್ಪ ಸೈಲೆನ್ಸರಿನಲ್ಲೂ ಆಯಿಲ್ಲಿನಲ್ಲೂ ಉಳಿಯುತ್ತದೆ. ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು.

ಸೋರಿಕೆ ಹುಡುಕಲು ಪ್ರೆಶರ್ ವಾಶರ್ ಬೇಡವೇ ಬೇಡ. ಅದು ಇಲ್ಲದ ದಾರಿಗಳನ್ನೂ ತೆರೆಯುತ್ತದೆ. ಎಂಜಿನ್ ತಣ್ಣಗಿರುವಾಗ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ಇಂಜೆಕ್ಟರುಗಳ ಸುತ್ತ ಟಿಶ್ಯೂ ಕಾಗದ ಹಾಸಿ. ಅನುಮಾನವಿರುವ ಸಂದಿಗಳ ಕೆಳಗೆ ಟಾಲ್ಕಂ ಪೌಡರ್ ಉದುರಿಸಿ. ನೀರು ಹಾದ ಗೆರೆ ಅದರಲ್ಲಿ ಎದ್ದು ಕಾಣುತ್ತದೆ. ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಬೇಕು, ಇನ್ನೊಬ್ಬರು ಚೊಂಬಿನಿಂದ ಮೆಲ್ಲಗೆ ಸುರಿಯಬೇಕು. ಮೊದಲು ತಗ್ಗಿನ ಭಾಗಕ್ಕೆ, ಆಮೇಲೆ ಗಾಜಿನ ಅಂಚಿಗೆ, ಕೊನೆಗೆ ಗಾಜಿನ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೇ ಒದ್ದೆಯಾಗಿ ಯಾವ ಸಂದಿಯ ತಪ್ಪು ಎಂದು ತಿಳಿಯುವುದಿಲ್ಲ.

ರಿಪೇರಿಯ ಮೊದಲ ಕೆಲಸ ಅಂಟಿಸುವುದಲ್ಲ, ಗುಡಿಸುವುದು. ಎಲೆ, ಕಡ್ಡಿ, ಗೊಚ್ಚೆ ತೆಗೆದು, ಎರಡೂ ಕೊಳವೆಗಳ ತುದಿಯ ರಬ್ಬರ್ ಬಾಯಿ ಬಿಡಿಸಿ ನೋಡಬೇಕು. ಅದಾದ ಮೇಲೆ ಹಳೆಯ ಫೋಮ್ ಕಿತ್ತು ಹೊಸದು ಹಾಕುವುದು. ಸೀಲೆಂಟ್ ಬೇಕೇ ಬೇಕೆಂದರೆ ವಿನೆಗರ್ ವಾಸನೆ ಬರುವ ಸಿಲಿಕಾನ್ ಬಳಸಬೇಡಿ. ಆ ವಾಸನೆಯೇ ಅಸೆಟಿಕ್ ಆಮ್ಲದ್ದು, ಲೋಹವನ್ನು ತಿನ್ನುತ್ತದೆ. ಗಟ್ಟಿಯಾಗದೆ ಎಳೆದತ್ತ ಬಾಗುವ ಬ್ಯುಟೈಲ್ ಟೇಪು ವಾಸಿ, ಪ್ಲಾಸ್ಟಿಕ್ ಹಿಗ್ಗಿದರೂ ಅದು ಜೊತೆಗೇ ಹಿಗ್ಗುತ್ತದೆ. ಇಂಜೆಕ್ಟರ್ ಬಾವಿಯಲ್ಲಿ ನಿಂತ ನೀರನ್ನು ಹೀರಿ ತೆಗೆಯದೆ ಇಂಜೆಕ್ಟರ್ ಬಿಚ್ಚಬಾರದು. ಬಿಚ್ಚಿದರೆ ಆ ನೀರು ನೇರ ಸಿಲಿಂಡರಿಗೆ ಇಳಿಯುತ್ತದೆ. ಎಂಜಿನ್ ಮೇಲೆ ಬಟ್ಟೆ, ಪ್ಲಾಸ್ಟಿಕ್ ಹಾಳೆ ಹೊದಿಸುವುದಂತೂ ಬೆಂಕಿಗೆ ಆಹ್ವಾನ. ಅದಕ್ಕೆಂದೇ ಮಾಡಿದ ಹೊದಿಕೆ ಸಿಕ್ಕರೆ ಮಾತ್ರ ಹಾಕಿ.

ಮೋಟರ್‌ಹೋಮ್ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ನಿಮ್ಮ ಕಾರಿನಲ್ಲೂ ಇದೇ ದಂಬೆ ಇದೆ, ನಿಮ್ಮ ಬೀದಿಯಲ್ಲೂ ಎಲೆ ಉದುರಿಸುವ ಹೊಂಗೆ ಮರವಿದೆ. ಮುಂಗಾರು ಬರುವ ಮೊದಲೊಂದು ಭಾನುವಾರ ಬಾನೆಟ್ ಎತ್ತಿ, ವೈಪರ್ ಬುಡದ ಎಲೆಗಳನ್ನು ಕೈಯಿಂದ ತೆಗೆಯಿರಿ. ಗಾಜಿನ ಎಡ ಮೂಲೆಗೆ ಒಂದು ಚೊಂಬು, ಬಲ ಮೂಲೆಗೆ ಒಂದು ಚೊಂಬು ನೀರು ಸುರಿದು ಬಗ್ಗಿ ನೋಡಿ. ಎರಡು ಕಡೆಯೂ ಮುಂದಿನ ಚಕ್ರದ ಹತ್ತಿರ ನೀರು ನೆಲಕ್ಕೆ ಬೀಳಬೇಕು. ಒಂದು ಕಡೆ ಬೀಳದಿದ್ದರೆ ಅದೇ ದಿನ ಗ್ಯಾರೇಜಿಗೆ ಕೊಂಡೊಯ್ಯಿರಿ.