ವಿಮೆ ಇದೆ, ಆಪ್ತಸಮಾಲೋಚನೆಗೆ ಇಲ್ಲ

ಕಾಲು ಮುರಿದರೆ ವಿಮೆ ಹಣ ಕೊಡುತ್ತದೆ. ಮನಸ್ಸು ಕುಗ್ಗಿದರೆ?

ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್. ಆದರೆ ನಮ್ಮ ಮನೆಯ ಪಾಲಿಸಿ ಓದಿದಾಗ ತೊಡಕು ತಿಳಿಯಿತು: ಕನಿಷ್ಠ 24 ಗಂಟೆ ಆಸ್ಪತ್ರೆಗೆ ದಾಖಲಾಗಿದ್ದರೆ ಮಾತ್ರ ಕ್ಲೇಮ್. ಖಿನ್ನತೆ, ಆತಂಕ ಇರುವ ಹೆಚ್ಚಿನವರಿಗೆ ಬೇಕಾಗುವುದು ಆಸ್ಪತ್ರೆಯ ಹಾಸಿಗೆಯಲ್ಲ. ವೈದ್ಯರ ಭೇಟಿ, ಆಪ್ತಸಮಾಲೋಚನೆ, ತಿಂಗಳುಗಟ್ಟಲೆ ಮಾತ್ರೆ. ಆ ಖರ್ಚೆಲ್ಲ ನಮ್ಮ ಕೈಯಿಂದಲೇ. ಹಣ ಸಾಲದೆ ಚಿಕಿತ್ಸೆ ನಡುವೆ ನಿಂತರೆ ಕಾಯಿಲೆ ಹೆಚ್ಚಬಹುದು, ಆಗ ಕಂಪನಿಗೂ ದೊಡ್ಡ ಕ್ಲೇಮ್. ಹೊರರೋಗಿ ವೆಚ್ಚವನ್ನು ಮೂಲ ಪಾಲಿಸಿಯಲ್ಲೇ ಸೇರಿಸುವುದು ಲೆಕ್ಕಕ್ಕೂ ಸರಿ, ನ್ಯಾಯಕ್ಕೂ ಸರಿ.

ನಿಮ್ಮ ಮನೆಯ ಪಾಲಿಸಿಯಲ್ಲೂ ಇದನ್ನು ಹುಡುಕಿ ನೋಡಿ. ಯಾರಿಗಾದರೂ ಈಗಲೇ ನೆರವು ಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೇ ಮಾತಾಡಬಹುದು.