ಮೇಘದಲ್ಲಡಗಿದ ಗಿರಿ

ಬೀದರಿನ ವಾಯುದಳದ ಶಿಕ್ಷಣಕೇಂದ್ರವು ನೆರೆಯಲ್ಲಿಯೇ ಇರುವುದರಿಂದ ಬಸವಕಲ್ಯಾಣ, ಹುಮನಾಬಾದು ಸೀಮೆಯವರಾದ ನಮಗೆ ವಿಮಾನವು ಅಪರೂಪದ ನೋಟವಲ್ಲ. ನಮ್ಮದು ಸಮುದ್ರಮಟ್ಟಕ್ಕಿಂತ ಸುಮಾರು 2,000 ಅಡಿ ಎತ್ತರದ ಪ್ರಸ್ಥಭೂಮಿ. ಹಾರುವವರಿಗೆ ಅಡ್ಡಬರುವ ಮಹಾಶಿಖರಗಳು ಇಲ್ಲಿಲ್ಲ. ಆದರೆ ಇಲ್ಲಿ ಕಲಿತವರು ಮುಂದೆ ಗಿರಿಶ್ರೇಣಿಗಳ ಮೇಲೆಯೂ ಹಾರಬೇಕಾದೀತು. ಯಂತ್ರವು ಸುಸ್ಥಿತಿಯಲ್ಲಿದ್ದು ಚಾಲಕನು ನುರಿತವನಾಗಿದ್ದರೂ ವಿಮಾನವು ಬೆಟ್ಟಕ್ಕೆ ಬಡಿಯುವುದೆಂತು?

2021ನೆಯ ಡಿಸೆಂಬರ್ 8ರಂದು ಸೂಲೂರಿನಿಂದ ವೆಲಿಂಗ್ಟನ್ನಿಗೆ ಹೊರಟ ವಾಯುದಳದ ಹೆಲಿಕಾಪ್ಟರು ನೀಲಗಿರಿಯ ಕೂನೂರಿನ ಬಳಿ ಬಿದ್ದಿತು. ಜನರಲ್ ಬಿಪಿನ್ ರಾವತರೇ ಮೊದಲಾಗಿ 13 ಮಂದಿ ಅಂದೇ ಮಡಿದರು. ಹದಿನಾಲ್ಕನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗರು ಒಂದು ವಾರದ ತರುವಾಯ ಬೆಂಗಳೂರಿನಲ್ಲಿ ತೀರಿಕೊಂಡರು. ವಿಚಾರಣೆ ನಡೆಸಿದವರು ಯಂತ್ರದೋಷವನ್ನಾಗಲಿ ದ್ರೋಹವನ್ನಾಗಲಿ ಕಾಣಲಿಲ್ಲ. ಕಣಿವೆಯ ಹವೆ ಹಠಾತ್ತನೆ ಮಾರ್ಪಟ್ಟು, ಹೆಲಿಕಾಪ್ಟರು ಮೋಡವನ್ನು ಹೊಕ್ಕು, ಚಾಲಕನಿಗೆ ದಿಗ್ಭ್ರಮೆಯಾಯಿತೆಂದು 2022ರ ಜನವರಿಯಲ್ಲಿ ತಿಳಿಸಿದರು.

ಬೆಟ್ಟದ ಮೋಡವು ದೂರದಿಂದ ತೇಲಿಬರಬೇಕೆಂದಿಲ್ಲ. ತೇವಗೂಡಿದ ಗಾಳಿಯು ಇಳಿಜಾರನ್ನೇರುತ್ತ ತಣ್ಣಗಾದೊಡನೆ ಅಲ್ಲಿಯೇ ಮೋಡ ಕಟ್ಟುತ್ತದೆ. ಕ್ಷಣದ ಹಿಂದೆ ಕಾಣುತ್ತಿದ್ದ ಕಣಿವೆ ಮರೆಯಾಗುವುದು ಹೀಗೆ.

ಆಗ ಶರೀರವೇ ಚಾಲಕನನ್ನು ವಂಚಿಸುತ್ತದೆ. ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗುವಿಗೆ ಮನೆಯೆಲ್ಲ ತಿರುಗುವಂತೆ ತೋರುವುದಷ್ಟೆ? ಒಳಗಿವಿಯ ಮೂರು ಸೂಕ್ಷ್ಮನಾಳಗಳಲ್ಲಿರುವ ದ್ರವವೇ ಇದಕ್ಕೆ ಕಾರಣ. ವಿಮಾನವು ಒಂದೇ ಸಮನೆ ಓರೆಯಾಗಿ ತಿರುಗುತ್ತಿದ್ದರೆ, ಕೊಂಚ ಹೊತ್ತಿನಲ್ಲಿ ಆ ದ್ರವವೂ ನಾಳದೊಡನೆ ಸಮವೇಗದಲ್ಲಿ ಚಲಿಸಿ, ನೇರವಾಗಿ ಹೋಗುತ್ತಿರುವೆವೆಂಬ ಭ್ರಾಂತಿ ಹುಟ್ಟಿಸುತ್ತದೆ. ದಿಗಂತ ಕಾಣುವಾಗ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ ಕಣ್ಣಿಗೆ ಕೆಲಸವಿಲ್ಲ.

ಗಾಳಿಯ ಒತ್ತಡದಿಂದ ಎತ್ತರವನ್ನಳೆಯುವ ಮಾಪಕವನ್ನೂ ವಿವೇಚನೆಯಿಂದ ಓದಬೇಕು. ಸಮುದ್ರಮಟ್ಟದಿಂದ 6,500 ಅಡಿಯೆಂದು ಅದು ತೋರಿಸಿದರೆ ಹುಮನಾಬಾದಿನ ಮೇಲೆ 4,000 ಅಡಿಗೂ ಮಿಕ್ಕ ಬಯಲುಂಟು; ಕೂನೂರಿನ ಮೇಲೆ ಕೆಲವೇ ನೂರು ಅಡಿ.

ಹಾಗಾದರೆ ಹಿಂದಿರುಗಿದರೆ ಸಾಕೆ? 1968ನೆಯ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹಕ್ಕೆ ಹೊರಟ ವಾಯುದಳದ ವಿಮಾನವೊಂದು ದುರ್ಹವೆಯ ಕಾರಣ ಹಿಂದಿರುಗುತ್ತಲೇ 102 ಮಂದಿಯೊಡನೆ ಹಿಮಾಲಯದಲ್ಲಿ ಕಣ್ಮರೆಯಾಯಿತು. ಅವರಲ್ಲಿ ನಾಲ್ವರ ದೇಹಗಳು ದೊರೆತುದು 56 ವರ್ಷಗಳ ಮೇಲೆ, 2024ರಲ್ಲಿ.

ಆದುದರಿಂದ ಹಿಂದಿರುಗುವ ನಿರ್ಧಾರವನ್ನು ಮೋಡವನ್ನು ಹೊಗುವ ಮೊದಲೇ, ದಾರಿ ಕಾಣುತ್ತಿರುವಾಗಲೇ ಮಾಡಬೇಕು. ಹೊಕ್ಕಮೇಲೆ ಮೈಯ ಮಾತನ್ನು ಬಿಟ್ಟು ಉಪಕರಣದ ಮಾತನ್ನು ನಂಬಬೇಕು. ನೆಲದ ಮೇಲಿರುವ ನಮಗೂ ಒಂದು ಕರ್ತವ್ಯವಿದೆ: ಹವೆ ಕೆಟ್ಟಿತೆಂದು ಹಾರದೆ ನಿಂತವನನ್ನು ಅಂಜುಬುರುಕನೆಂದು ಹಳಿಯದಿರುವುದು.