ಕಾವಲು ಸರ್ವರಿನಲ್ಲಿ ನಡೆಯದ ಸ್ಕ್ರಿಪ್ಟುಗಳು: ಕಾರಣವೂ ಪರಿಹಾರವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಅಲ್ಪವೃಷ್ಟಿಯ ಪ್ರದೇಶಗಳೆಂಬುದು ಸರ್ವವಿದಿತವಾದ ವಿಷಯವು. 1907ರಲ್ಲಿ ಪೂರ್ತಿಯಾದ ಮಾರಿಕಣಿವೆಯ ವಾಣಿವಿಲಾಸ ಸಾಗರದ ನಾಲೆಯ ನೀರು ತಲಪದ ಗ್ರಾಮಗಳಲ್ಲಿ ಅಡಕೆ, ತೆಂಗಿನ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ಅವಲಂಬಿಸಿವೆ. ಆದುದರಿಂದ ಕೆಲವು ಭೂಮಾಲೀಕರು ಬಾವಿಯ ನೀರಿನ ಮಟ್ಟವನ್ನು ಹಗಲಿರುಳು ನೋಡುತ್ತಿರುವ ಕಾವಲು ಸರ್ವರನ್ನು ಇಟ್ಟುಕೊಂಡಿರುತ್ತಾರೆ. ಇದರ ಕೆಲಸವು ಸ್ಕ್ರಿಪ್ಟು, ಅಂದರೆ ಯಂತ್ರವು ಸಾಲುಸಾಲಾಗಿ ಓದಿ ನೆರವೇರಿಸುವ ಆಜ್ಞೆಗಳ ಪಟ್ಟಿಯಿಂದ ನಡೆಯುತ್ತದೆ.

ಹೊಳಲ್ಕೆರೆ ಸೀಮೆಯ ತೋಟವೊಂದರಲ್ಲಿ ಅಂತರ್ಜಾಲದಿಂದ ಇಳಿಸಿಕೊಂಡ ಇಂತಹ ಸ್ಕ್ರಿಪ್ಟು ಒಂದು ದಿನವೂ ನಡೆದಿರಲಿಲ್ಲ. ಎಚ್ಚರಿಕೆ ಬಾರದಿದ್ದುದನ್ನೇ ಕ್ಷೇಮವೆಂದು ಭಾವಿಸಿದ್ದ ಯಜಮಾನರು, ಬಾವಿ ಬತ್ತಿ ಮೋಟಾರು ಸುಟ್ಟ ಮೇಲೆಯೇ ಸಂಗತಿಯನ್ನರಿತರು. ಇಂತಹ ನಷ್ಟಕ್ಕೆ ಎಡೆಗೊಡದಂತೆ, ಲಿನಕ್ಸ್ ಸರ್ವರುಳ್ಳವರು ಈ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

1. ಸ್ಕ್ರಿಪ್ಟನ್ನು ಮೊದಲು ತಿಳಿದವರಿಂದ ಓದಿಸಿ, ನಂಬತಕ್ಕ ಸ್ಥಳದಿಂದ ಬಂದುದೇ ಎಂಬುದನ್ನು ನಿಶ್ಚಯಿಸಬೇಕು. ಸರ್ವಾಧಿಕಾರವುಳ್ಳ ರೂಟ್ ಖಾತೆಯಿಂದ ಅದನ್ನು ನಡೆಸಲಾಗದು. ಕಾವಲು ವ್ಯವಸ್ಥೆಯ ಖಾತೆಯಿಂದಲೇ ಕೈಯಾರೆ ನಡೆಸಿ, ತೋರುವ ಮೊದಲ ದೋಷವಾಕ್ಯವನ್ನು ಬರೆದಿಟ್ಟುಕೊಳ್ಳಬೇಕು.

2. ಅನುಮತಿಯಿಲ್ಲವೆಂದು ತೋರಿದರೆ, ಇಳಿಸಿಕೊಂಡ ಕಡತಕ್ಕೆ ನಡೆಯುವ ಹಕ್ಕು ತಾನಾಗಿ ಬರುವುದಿಲ್ಲವೆಂದು ತಿಳಿದು, ಚ್‌ಮಾಡ್ ಎಂಬ ಆಜ್ಞೆಯಿಂದ ಅದನ್ನು ಕೊಡಬೇಕು.

3. ಕಡತವು ಕಣ್ಣೆದುರಿಗಿದ್ದರೂ ಇಲ್ಲವೆಂದು ತೋರುವುದುಂಟು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದನ್ನು ಓದಿ ನಡೆಸತಕ್ಕ ಪ್ರೋಗ್ರಾಮಿನ ವಿಳಾಸವಿರುತ್ತದೆ. ಆ ಪ್ರೋಗ್ರಾಮು ಅಲ್ಲಿಲ್ಲದಿದ್ದರೆ ಹೀಗಾಗುತ್ತದೆ. ಕಡತವು ವಿಂಡೋಸ್ ಯಂತ್ರದ ಮೂಲಕ ಬಂದಿದ್ದರೆ ಸಾಲಿನ ಕೊನೆಯಲ್ಲಿ ಕಾಣದ ಅಕ್ಷರವೊಂದು ಸೇರಿರುವುದರಿಂದಲೂ ಹೀಗಾಗಬಹುದು. ಡಾಸ್‌ಟುಯೂನಿಕ್ಸ್ ಎಂಬ ಉಪಕರಣವು ಅದನ್ನು ತೆಗೆದುಹಾಕುತ್ತದೆ.

4. ಪೈಥಾನ್ 2ಕ್ಕೆ ಬರೆದ ಹಳೆಯ ಸ್ಕ್ರಿಪ್ಟುಗಳು ಪೈಥಾನ್ 3ರಲ್ಲಿ ಅನೇಕವೇಳೆ ನಡೆಯಲಾರವು. ಮೊದಲಿನದರ ಪೋಷಣೆಯು 2020ನೆಯ ಇಸವಿಯಲ್ಲಿ ನಿಂತಿತು. ಹೊಸ ಆವೃತ್ತಿಯನ್ನು ಪಡೆಯುವುದೇ ಉತ್ತಮ. ಸಹಾಯಕ ಮಾಡ್ಯೂಲು ದೊರೆಯದೆಂದು ತೋರಿದರೆ ಅದನ್ನೂ ಸ್ಥಾಪಿಸಬೇಕು.

5. ಕೈಯಾರೆ ನಡೆದರೂ ಗೊತ್ತಾದ ವೇಳೆಗೆ ತಾನಾಗಿ ನಡೆಯದಿದ್ದರೆ, ವೇಳೆಗೆ ಕೆಲಸ ನಡೆಸುವ ಕ್ರಾನ್ ಎಂಬುದಕ್ಕೆ ಪ್ರೋಗ್ರಾಮುಗಳಿರುವ ಕೆಲವು ಸ್ಥಳಗಳು ಮಾತ್ರ ತಿಳಿದಿರುತ್ತವೆ. ಆದಕಾರಣ ಆಜ್ಞೆಗಳನ್ನೂ ಕಡತಗಳನ್ನೂ ಪೂರ್ಣ ವಿಳಾಸಸಹಿತ ಬರೆಯತಕ್ಕದ್ದು.

6. ನಾಗಿಯೋಸ್ ಮುಂತಾದ ವ್ಯವಸ್ಥೆಗಳಿಗೆ ಸ್ಕ್ರಿಪ್ಟು ಮುಗಿಯುವಾಗ ಒಂದು ಅಂಕಿಯನ್ನು ಒಪ್ಪಿಸುತ್ತದೆ: 0 ಕ್ಷೇಮ, 1 ಎಚ್ಚರಿಕೆ, 2 ಅಪಾಯ, 3 ತಿಳಿಯದು. ಅಳತೆ ದೊರೆಯದಿದ್ದಾಗಲೂ 0 ಒಪ್ಪಿಸುವ ಸ್ಕ್ರಿಪ್ಟು ನಡೆಯದ ಸ್ಕ್ರಿಪ್ಟಿಗಿಂತ ಹೆಚ್ಚು ಅಪಾಯಕರವು.

ಇಷ್ಟಾದ ಮೇಲೆ ಎಚ್ಚರಿಕೆಯ ಮಿತಿಯನ್ನು ಈಗಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಕ್ಷಣಕಾಲ ಏರಿಸಿ, ಕರೆ ಬರುವುದೇ ಎಂದು ಪರೀಕ್ಷಿಸಿ, ಮತ್ತೆ ಮೊದಲಿನಂತೆ ಇಡಬೇಕು. ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮಾಡುವುದು ಲೇಸು. ಕೂಗದ ಕಾವಲುಗಾರನು ಎಚ್ಚರವಾಗಿದ್ದಾನೆಯೋ ನಿದ್ರಿಸುತ್ತಿದ್ದಾನೆಯೋ ಎಂಬುದು ಕೂಗಿ ಕರೆದಾಗಲೇ ತಿಳಿಯತಕ್ಕದ್ದು. ಗ್ರಾಮದ ಮುಖಂಡರು ಈ ಕ್ರಮವನ್ನು ತಾವು ಆಚರಿಸಿ, ನೆರೆಯ ತೋಟದವರಿಗೂ ತಿಳಿಸುವರೆಂದು ನಂಬಲಾಗಿದೆ.